ಹೊಗೆ ಆರಿದ ಕೆಂಡ

ಮಾಗಿ ಚಳಿ ಬಿತ್ತೆಂದರೆ ರೇಷ್ಮೆ ಹುಳು ಸಾಕುವ ಮನೆಗಳಲ್ಲಿ ಒಂದೇ ಮಾತು. ಹುಳು ಮನೆ ಬೆಚ್ಚಗಿರಬೇಕು. ತಣ್ಣಗಾದರೆ ಹುಳು ಸೊಪ್ಪು ತಿನ್ನುವುದಿಲ್ಲ, ಹಣ್ಣಾದ ಹುಳು ಗೂಡು ಕಟ್ಟುವುದಿಲ್ಲ, ಹಿಪ್ಪುನೇರಳೆ ಸೊಪ್ಪು ಹೊತ್ತು ಹೊತ್ತು ಬೆನ್ನು ಬಾಗಿಸಿದ್ದೆಲ್ಲ ದಂಡ. ಕೊಳ್ಳೇಗಾಲದ ಸುತ್ತ ಯಾವ ಊರಿನಲ್ಲಿ ಕೇಳಿದರೂ ಇದನ್ನೇ ಹೇಳುತ್ತಾರೆ. ಅದಕ್ಕೆ ಏನು ಮಾಡುತ್ತೀರಿ ಎಂದರೆ, ಕೆಂಡ ಇಡುತ್ತೇವೆ ಎನ್ನುತ್ತಾರೆ. ಕೆಂಡ ಇಟ್ಟು ಆಮೇಲೆ? ಬಾಗಿಲು ಹಾಕಿಕೊಂಡು ಅಲ್ಲೇ ಮಲಗುತ್ತೇವೆ ಎನ್ನುತ್ತಾರೆ. ಹೀಗೆ ಹೇಳುವವರನ್ನು ಕಂಡರೆ ಬೆನ್ನಿಗೆ ಎರಡು ಬಿಗಿಯಬೇಕು ಅನ್ನಿಸುತ್ತದೆ. ಬಿಗಿದರೆ ಬುದ್ಧಿ ಬರುವುದಿಲ್ಲ. ಅದಕ್ಕೇ ಈ ಕಥೆ.

ಧನಗೆರೆಯಲ್ಲಿ ಚಿಕ್ಕಮಾದಪ್ಪನ ಮನೆ. ಹೊಲ, ಹಿಪ್ಪುನೇರಳೆ ತೋಟ, ಹಿತ್ತಲಲ್ಲಿ ಮಣ್ಣಿನ ಗೋಡೆಯ ಹುಳು ಮನೆ. ಹೊಲದ ಕೆಲಸ ಚಿಕ್ಕಮಾದಪ್ಪನದು. ಅಡುಗೆ ಮನೆ ಅವನ ಹೆಂಡತಿ ಚನ್ನಾಜಮ್ಮನದು. ಹುಳು ಮನೆ ಮಾತ್ರ ಪುಟ್ಟಮಲ್ಲಮ್ಮನದು. ಇವಳು ಚಿಕ್ಕಮಾದಪ್ಪನ ತಂಗಿ. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದವಳು. ಅವಳ ಕೈಯಲ್ಲಿ ಹುಳು ಕೆಟ್ಟಿದ್ದೇ ಇಲ್ಲ ಎಂದು ಊರಿನವರು ಹೇಳುತ್ತಿದ್ದರು. ಹುಳುವಿಗೆ ಹೊಗೆ ಆಗದು ಎಂಬುದು ಅವಳ ಮೊದಲ ಪಾಠ. ಒಮ್ಮೆ ನೆಂಟನೊಬ್ಬ ಬೀಡಿ ಸೇದುತ್ತಾ ಹುಳು ಮನೆಯ ಬಾಗಿಲಿಗೆ ಬಂದಾಗ ಪೊರಕೆ ಹಿಡಿದು ಬೀದಿಯವರೆಗೂ ಅಟ್ಟಿಸಿಕೊಂಡು ಹೋಗಿದ್ದಳು.

ಕೆಂಡ ಒಳಗಿಡುವುದಕ್ಕೂ ಅವಳಿಗೆ ಒಂದು ಕ್ರಮವಿತ್ತು. ಹಳೆಯ ಕಬ್ಬಿಣದ ಬಾಂಡಲಿಗೆ ಮೂರು ಕಾಲು ಹೊಡೆಸಿ ಮಾಡಿದ ಅಗ್ಗಿಷ್ಟಿಕೆಯನ್ನು ಮೊದಲು ಹಿತ್ತಲಲ್ಲಿ ಇಡುವಳು. ಇದ್ದಿಲು ತುಂಬಿ, ಊದುಕೊಳವೆಯಿಂದ ಊದಿ ಹೊತ್ತಿಸುವಳು. ಹೊಸ ಇದ್ದಿಲು ಸ್ವಲ್ಪ ಹೊತ್ತು ಹೊಗೆ ಬಿಡುತ್ತದೆ. ಅಲ್ಲಿಯವರೆಗೆ ಬೆಂಕಿ ಸುಮ್ಮನೆ ಯಾಕೆ ಉರಿಯಬೇಕು ಎಂದು ಮೇಲೆ ತಂತಿ ಜಾಲರಿ ಇಟ್ಟು ಅವರೆಕಾಯಿಯನ್ನೋ ಗೆಣಸನ್ನೋ ಸುಡುವಳು. ಇಕ್ಕಳದಲ್ಲಿ ತಿರುವಿ ತಿರುವಿ ಹಾಕುವಳು. ಮನೆಯವರೆಲ್ಲ ಸುತ್ತ ಕುಳಿತು ತಿಂದು ಮುಗಿಸುವ ಹೊತ್ತಿಗೆ ಹೊಗೆ ಪೂರ್ತಿ ಆರಿ ಕೆಂಡದ ಮೇಲೆ ಬಿಳಿ ಬೂದಿ ಕಟ್ಟಿರುತ್ತಿತ್ತು. ಆಗ ಜಾಲರಿ ತೆಗೆದು, ಅಗ್ಗಿಷ್ಟಿಕೆಯನ್ನು ಹುಳು ಮನೆಯೊಳಗೆ ಇಡಿಸುವಳು. ಸುತ್ತಮುತ್ತಲ ಮನೆಗಳಲ್ಲೂ ಇದೇ ಪದ್ಧತಿ. ಹೊಗೆ ಹೋಯಿತೆಂದರೆ ಕೇಡೂ ಹೋಯಿತು ಎಂದು ಎಲ್ಲರೂ ತಿಳಿದಿದ್ದರು.

ಆ ಮಾಗಿಯ ಒಂದು ಸಂಜೆ. ಹುಳು ಹಣ್ಣಾಗಿತ್ತು. ಗೂಡು ಕಟ್ಟಲೆಂದು ಬಿದಿರು ಹೆಣೆದ ಅಗಲ ತಟ್ಟೆಗಳ, ಅಂದರೆ ಚಂದ್ರಿಕೆಗಳ ಮೇಲೆ ಬಿಟ್ಟಿದ್ದರು. ಚಿಕ್ಕಮಾದಪ್ಪನ ಮಗಳು ಶಿವರತ್ನಮ್ಮ ಯಳಂದೂರಿನಿಂದ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ದಿನ ತುಂಬಿದ ಬಸುರಿ. ಹಿತ್ತಲಲ್ಲಿ ಅವರೆಕಾಯಿ ಸುಡುತ್ತಿತ್ತು.

"ಮಲ್ಲಮ್ಮ, ಒಗೆ ಆರ್ತಲ್ಲ, ಒಳೀಕೆ ತಕಂಡೋಗ್ಲ?" ಎಂದ ಚಿಕ್ಕಮಾದಪ್ಪ.

"ಇರಣ್ಣ. ಅಗೋ ಆ ಮೂಲೇಲಿ ಇನ್ನೂ ಒಗೆ ಅದೆ."

"ಒಗೆ ಎಲ್ಲದೆ? ಇನ್ನೊಂದು ಸುತ್ತು ಅವರೆಕಾಯಿ ಸುಟ್ಕಂಡು ತಿನ್ನಾಕೆ ನೆಪ ಮಾಡ್ತಾ ಅವ್ಳೆ," ಎಂದಳು ಚನ್ನಾಜಮ್ಮ.

"ಊಂ ಕಣತ್ತಿಗೆ, ನೀವು ತಿನ್ನೋದೇ ಇಲ್ಲ ನೋಡಿ. ಸಿಪ್ಪೆ ಯಾರ ಮುಂದೆ ಗುಡ್ಡೆ ಬಿದ್ದದೆ ನೋಡ್ಕಳಿ ಮೊದ್ಲು."

ಶಿವರತ್ನಮ್ಮ ನಕ್ಕಳು. "ಅತ್ತೆ, ನಾನೂ ಉಳದ ಮನೇಲೇ ಮಲಗ್ತೀನಿ. ಅಲ್ಲಿ ಬೆಚ್ಚಗಿರ್ತದೆ," ಎಂದಳು.

"ಬ್ಯಾಡ ಕಣವ್ವ. ತುಂಬಿದ ಬಸುರಿ ನೀನು, ಗಳಿಗೆಗೊಂದ್ಸಲ ಎದ್ದು ಈಚೆಗೆ ಓಯ್ತೀಯ. ಬಾಗ್ಲು ತೆಗ್ದು ಮುಚ್ಚಿ, ತೆಗ್ದು ಮುಚ್ಚಿ ನನ್ನ ಉಳ ಎಲ್ಲ ತಣ್ಣಗಾಯ್ತವೆ."

"ನಿಂಗೆ ನನಗಿಂತ ಉಳನೇ ಎಚ್ಚು."

"ಅವು ನಿನ್ನಂಗೆ ಬಾಯಿ ಮಾಡಾಕಿಲ್ವಲ್ಲವ್ವ!"

ಹೊಗೆ ಆರಿತು. ಚಿಕ್ಕಮಾದಪ್ಪ ಅಗ್ಗಿಷ್ಟಿಕೆಯನ್ನು ಒಳಗಿಟ್ಟು ಬಂದ. ಪುಟ್ಟಮಲ್ಲಮ್ಮ ಚಂದ್ರಿಕೆಗಳ ಪಕ್ಕ ಚಾಪೆ ಹಾಸಿಕೊಂಡಳು. ಬಾಗಿಲು ಮುಚ್ಚಿದ ಮೇಲೆ ಒಳಗಿನಿಂದ ಕೂಗಿದಳು.

"ಅಣ್ಣೋ, ಬಾಗ್ಲ ಸಂದೀಲಿ ಗಾಳಿ ನುಗ್ತಾ ಅದೆ."

ಚಿಕ್ಕಮಾದಪ್ಪ ಗೋಣಿಚೀಲಗಳನ್ನು ತಂದು ಬಾಗಿಲಿನ ಸಂದಿಗೆ ತುರುಕಿದ. ಇದ್ದ ಒಂದೇ ಕಿಟಕಿಗೂ ತುರುಕಿದ. "ಈಗ ಎಂಗದೆ?" ಎಂದು ಕೇಳಿದ.

"ಬೆಚ್ಚಗದೆ ಕಣಣ್ಣ. ಓಗಿ ಮಲಗು."

ಅವಳು ಆಡಿದ ಕೊನೆಯ ಮಾತು ಅದು.

ಬೆಳಗ್ಗೆ ಬಾಗಿಲು ತೆರೆಯಲಿಲ್ಲ. ಕೂಗಿದರು, ಬಡಿದರು, ಕೊನೆಗೆ ಒದ್ದು ತೆಗೆದರು. ಪುಟ್ಟಮಲ್ಲಮ್ಮ ಕೈಯನ್ನು ಕೆನ್ನೆಗೆ ಕೊಟ್ಟುಕೊಂಡು ಮಲಗಿದ ಹಾಗೆಯೇ ಇದ್ದಳು. ಮೈ ತಣ್ಣಗಾಗಿತ್ತು. ಮುಖ ಮಾತ್ರ ಎಣ್ಣೆ ನೀರು ಹಾಕಿಕೊಂಡು ಬಂದವಳ ಹಾಗೆ ಕೆಂಪಗಿತ್ತು. ಅಗ್ಗಿಷ್ಟಿಕೆಯಲ್ಲಿ ಬೂದಿ ಇತ್ತು. ಚಂದ್ರಿಕೆಗಳ ಮೇಲೆ ಹುಳುಗಳೆಲ್ಲ ತಲೆ ಆಡಿಸುತ್ತಾ ಗೂಡು ಕಟ್ಟುತ್ತಿದ್ದವು. ಒಂದೂ ಸತ್ತಿರಲಿಲ್ಲ.

ವಿಭೂತಿ ಹಚ್ಚಿ ಹೂವಿನ ಹಾರ ಹಾಕಿ ಜಗಲಿಯ ಮೇಲೆ ಕೂರಿಸಿದಾಗ ಊರ ಹೆಂಗಸರು ಮುಖ ನೋಡಿ ಕಣ್ಣೊರೆಸಿಕೊಂಡರು. "ಪುಣ್ಯವಂತೆ ಕಣವ್ವ. ಒಂದಿನ ನರಳ್ಲಿಲ್ಲ. ಮಕ ನೋಡು, ಎಂಗೆ ಕಳಕಳ ಅಂತದೆ," ಎಂದರು. ಎದೆ ನಿಂತಿರಬೇಕು ಎಂದರು ಕೆಲವರು. ಶಿವ ಕರೆದುಕೊಂಡ ಎಂದರು ಹಿರಿಯರು. ಅಗ್ಗಿಷ್ಟಿಕೆಯ ಕಡೆ ಯಾರೂ ತಿರುಗಿ ನೋಡಲಿಲ್ಲ. ಯಾಕೆ ನೋಡಬೇಕು? ಅದರಲ್ಲಿ ಹೊಗೆಯೇ ಇರಲಿಲ್ಲವಲ್ಲ.

ಆ ಸಲ ಗೂಡು ಚೆನ್ನಾಗಿ ಬಂತು. ಮನೆಯಲ್ಲಿ ಯಾರೂ ಅದನ್ನು ಹೇಳಿ ಹಿಗ್ಗಲಿಲ್ಲ.

ಸಾವಿನ ಕಾರ್ಯ ಮುಗಿದ ಸ್ವಲ್ಪ ದಿನಕ್ಕೆ ಶಿವರತ್ನಮ್ಮ ಹೆಣ್ಣು ಮಗು ಹೆತ್ತಳು. ಚಳಿ ಇನ್ನೂ ಜೋರಾಯಿತು. ನಡುಮನೆಯ ಪಕ್ಕದ ಕತ್ತಲೆ ಕೋಣೆ ಬಾಣಂತಿ ಕೋಣೆಯಾಯಿತು. ಬಾಣಂತಿಗೆ ಗಾಳಿ ತಾಕಬಾರದೆಂದು ಚನ್ನಾಜಮ್ಮ ಬೆಳಕಿಂಡಿಗೆ ಹಳೇ ಸೀರೆ ತುರುಕಿದಳು. ಅದೇ ಅಗ್ಗಿಷ್ಟಿಕೆಯನ್ನು ಹಿತ್ತಲಲ್ಲಿ ಹೊತ್ತಿಸಿ, ಹೊಗೆ ಆರುವ ತನಕ ಜಾಲರಿಯ ಮೇಲೆ ಬಾಣಂತಿಗೆ ಬೆಳ್ಳುಳ್ಳಿ ಸುಟ್ಟು, ಮಗುವಿಗೆ ಬಜೆ ಸುಟ್ಟು, ಆಮೇಲೆ ಮಂಚದ ಕೆಳಗೆ ತಂದಿಡುತ್ತಿದ್ದಳು. ನಾದಿನಿ ಕಲಿಸಿದ ಕ್ರಮವನ್ನು ಒಂದಿಷ್ಟೂ ತಪ್ಪಿಸಲಿಲ್ಲ.

ಶಿವರತ್ನಮ್ಮನಿಗೆ ಬೆಳಗಾದರೆ ತಲೆ ಸಿಡಿತ. ಓಕರಿಕೆ. ನೀರು ಹಾಕಿಸಿಕೊಳ್ಳಲು ಬಚ್ಚಲಿಗೆ ಬಂದರೆ ಸ್ವಲ್ಪ ಹಗುರ, ಮತ್ತೆ ಕೋಣೆಗೆ ಹೋದರೆ ಅದೇ ಗೋಳು. ಮಗು ಮೊದಲ ದಿನಗಳಲ್ಲಿ ಮನೆ ಹಾರಿಹೋಗುವ ಹಾಗೆ ಅಳುತ್ತಿದ್ದದ್ದು ಈಗ ಅಳುವುದನ್ನೇ ಬಿಟ್ಟಿತ್ತು. ಎದೆಗೆ ಹಾಕಿಕೊಂಡರೆ ಎರಡು ಸಲ ಚೀಪಿ ನಿದ್ದೆ ಹೋಗುತ್ತಿತ್ತು.

"ಎಂಥ ಸಮಾಧಾನದ ಕೂಸು ನೋಡು," ಎನ್ನುತ್ತಿದ್ದಳು ಚನ್ನಾಜಮ್ಮ.

ಹೀಗಿರುವಾಗ ಒಂದು ಬೆಳಗ್ಗೆ ಕೆಂಪಾಜಮ್ಮ ಬಂದಳು. ಇವಳು ಚನ್ನಾಜಮ್ಮನ ಚಿಕ್ಕಪ್ಪನ ಮಗಳು, ಕೊಳ್ಳೇಗಾಲದ ಆಸ್ಪತ್ರೆಯಲ್ಲಿ ದಾದಿ. ಪುಟ್ಟಮಲ್ಲಮ್ಮ ತೀರಿಕೊಂಡ ದಿನ ಕಷ್ಟದ ಹೆರಿಗೆಯೊಂದನ್ನು ಬಿಟ್ಟು ಬರಲಾಗದೆ ಮಣ್ಣಿಗೆ ಬಂದಿರಲಿಲ್ಲ. ಆ ಕೋಪ ಚನ್ನಾಜಮ್ಮನಿಗೆ ಇನ್ನೂ ಇತ್ತು.

"ಮಣ್ಣಿಗೆ ಬರದೋಳು ಕೂಸು ನೋಡಾಕೆ ಬಂದ್ಯ? ಬಾ, ಕುಂತ್ಕ," ಎಂದಳು.

"ಬಯ್ಯೋದು ಆಮೇಲೆ ಬಯ್ಯಿವಂತೆ ಅಕ್ಕ. ಕೂಸೆಲ್ಲದೆ?" ಎನ್ನುತ್ತಾ ಕೆಂಪಾಜಮ್ಮ ಕೋಣೆಯ ಬಾಗಿಲು ತಳ್ಳಿದಳು. ಒಳಗೆ ಕಾಲಿಟ್ಟವಳು ಹಾಗೆಯೇ ನಿಂತಳು. ಮಂಚದ ಕೆಳಗೆ ಕೆಂಡ ನಿಗಿನಿಗಿ ಹೊಳೆಯುತ್ತಿತ್ತು. ಶಿವರತ್ನಮ್ಮ ಗೋಡೆಗೆ ತಲೆ ಒತ್ತಿಕೊಂಡು ಕುಳಿತಿದ್ದಳು.

ಕೆಂಪಾಜಮ್ಮ ತಡಮಾಡಲಿಲ್ಲ. ಮಗುವನ್ನು ಎತ್ತಿಕೊಂಡಳು, ಇನ್ನೊಂದು ಕೈಯಲ್ಲಿ ಬಾಣಂತಿಯ ರಟ್ಟೆ ಹಿಡಿದು ಎಬ್ಬಿಸಿದಳು, ಇಬ್ಬರನ್ನೂ ಜಗಲಿಗೆ ಎಳೆದುಕೊಂಡು ಬಂದು ಬಿಸಿಲಿಗೆ ಕೂರಿಸಿದಳು.

"ಅಯ್ಯೋ ನಿನ್ನ ಕೈ ಸೇದೋಗ! ಅಸಿ ಬಾಣಂತೀನ ಗಾಳೀಲಿ ಕೂರುಸ್ತಾ ಇದ್ದೀಯಲ್ಲೇ! ಸನ್ನಿ ಇಡುದ್ರೆ ನೀನು ಬತ್ತೀಯ?" ಚನ್ನಾಜಮ್ಮ ಕಿರುಚಿಕೊಂಡಳು.

"ಬತ್ತೀನಿ. ಈಗ ಬಾಯಿ ಮುಚ್ಕೊಂಡು ಕಂಬಳಿ ತಕಂಬಾ."

ಕಂಬಳಿ ಬಂತು. ತಾಯಿಗೂ ಮಗುವಿಗೂ ಸುತ್ತಿದಳು. ಆಮೇಲೆ ಶಿವರತ್ನಮ್ಮನನ್ನು ಕೇಳಿದಳು. "ತಲೆನೋವು ಯಾವಾಗಿಂದ್ಲವ್ವ?"

"ಕೋಣೆ ಸೇರ್‍ದಾಗಿಂದ ಚಿಕ್ಕವ್ವ. ಈಚೆ ಬಂದ್ರೆ ತಿಳಿಯಾಯ್ತದೆ."

"ಬಾಣಂತಿ ಅಂದ್ಮೇಲೆ ತಲೆನೋವು ಬರದೆ ಇದ್ದದ?" ಎಂದಳು ಚನ್ನಾಜಮ್ಮ.

"ನೀನು ಮಲಗೋದು ಎಲ್ಲಕ್ಕ?"

"ಅವಳ ಪಕ್ಕದಲ್ಲೇ. ಇನ್ನೆಲ್ಲಿ ಮಲಗ್ಲಿ?"

"ನಿಂಗೆ ತಲೆನೋವಿಲ್ವ?"

ಚನ್ನಾಜಮ್ಮ ತಡವರಿಸಿದಳು. "ಅದೆ ಬೆಳಗಾಗೆದ್ರೆ ಒಸಿ."

"ನೀನೂ ಎತ್ತಿದ್ದೀಯ? ಈ ವಯಸ್ಸಲ್ಲಿ ನಿಂಗೂ ಬಾಣಂತಿ ತಲೆನೋವ?"

ಶಿವರತ್ನಮ್ಮನಿಗೆ ಅಷ್ಟು ನೋವಿನಲ್ಲೂ ನಗು ಬಂತು. ಚನ್ನಾಜಮ್ಮನಿಗೆ ಬರಲಿಲ್ಲ.

"ಇದು ಕೆಂಡದ ಕೆಲಸ ಕಣಕ್ಕ," ಎಂದಳು ಕೆಂಪಾಜಮ್ಮ. "ಮುಚ್ಚಿದ ಮನೇಲಿ ಇದ್ದಿಲು ಉರುದ್ರೆ ಅದರಿಂದ ಒಂದು ವಿಷಗಾಳಿ ಬತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಮೊದ್ಲು ತಲೆನೋವು, ಆಮೇಲೆ ವಾಂತಿ, ಆಮೇಲೆ ನಿದ್ದೆ. ಆ ನಿದ್ದೆಯಿಂದ ಏಳಾಕಿಲ್ಲ."

"ಒಗೆ ಪೂರ್ತಿ ಆರುಸಿ ಇಟ್ಟಿವ್ನಿ ಕಣೇ. ಒಂದು ಎಳೆ ಒಗೆ ಇದ್ರೆ ತೋರ್‍ಸು."

"ನಾನು ಒಗೆ ಅಂದ್ನ? ಒಗೆ ಇದ್ದಿದ್ರೇ ವಾಸಿ. ಕೆಮ್ಮಿ ಎದ್ದು ಈಚೆಗೆ ಓಡಿ ಬರ್‍ತಿದ್ರಿ."

ಚನ್ನಾಜಮ್ಮನ ಮುಖ ಬಿಗಿಯಿತು. "ನಾವು ಉಳ ಸಾಕೋರು ಕೆಂಪಾಜಿ. ಬೀಡಿ ಒಗೆ ತಾಕಿದ್ರೆ ಸಾಯೋ ಉಳದ ಪಕ್ಕದಲ್ಲಿ ಇದೇ ಕೆಂಡ ಇಡ್ತೀವಿ. ಮಲ್ಲಮ್ಮ ಓದ ದಿನ ಇದೇ ಅಗ್ಗಿಷ್ಟಿಕೆ ಅಲ್ಲಿತ್ತು. ಒಂದು ಉಳ ಸಾಯ್ಲಿಲ್ಲ. ಎಲ್ಲಾ ಗೂಡು ಕಟ್ಟಿದ್ವು. ಅಷ್ಟು ಸೂಕ್ಷ್ಮದ ಉಳನೇ ಸಾಯ್ದೆ ಇರೋವಾಗ ಆಳು ಸಾಯ್ತದ?"

ಕೆಂಪಾಜಮ್ಮ ತಟ್ಟನೆ ತಲೆ ಎತ್ತಿದಳು. "ಮಲ್ಲಮ್ಮ ಓದ ದಿನ ಇದು ಅಲ್ಲಿತ್ತ?"

ಶಿವರತ್ನಮ್ಮ ಹೂಂ ಎಂದು ತಲೆ ಆಡಿಸಿದಳು.

"ಬಾಗ್ಲು?"

"ಹಾಕಿತ್ತು," ಎಂದಳು ಚನ್ನಾಜಮ್ಮ.

"ಅಕ್ಕ, ನಿಜ ಏಳು. ಮಕ ಎಂಗಿತ್ತು? ಕಪ್ಪಗಿತ್ತ, ಬಿಳುಚಿಕೊಂಡಿತ್ತ?"

ಚನ್ನಾಜಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಉತ್ತರ ಕೊಟ್ಟವಳು ಶಿವರತ್ನಮ್ಮ. "ಕೆಂಪಗಿತ್ತು ಚಿಕ್ಕವ್ವ. ಬದುಕಿರೋರಿಗಿಂತ ಕೆಂಪಗಿತ್ತು. ಎಲ್ರೂ ಪುಣ್ಯವಂತೆ ಅಂದ್ರು."

ಕೆಂಪಾಜಮ್ಮ ಅಕ್ಕನ ಹತ್ತಿರ ಸರಿದು ಕುಳಿತಳು. ಆಮೇಲೆ ದನಿ ತಗ್ಗಿಸಿ ಹೇಳಿದಳು.

"ಓದ ಮಾಗೀಲಿ ನಮ್ಮ ಆಸ್ಪತ್ರೆಗೆ ಒಂದು ನೇಯೋರ ಮನೆ ಗಂಡ ಎಂಡ್ತೀನ ಗಾಡೀಲಿ ತಂದಿದ್ರು. ಬಣ್ಣ ಹಾಕಿದ ನೂಲು ಒಣಗ್ಲಿ ಅಂತ ಕೋಣೇಲಿ ಕೆಂಡ ಇಟ್ಟು ಮಲಗಿದ್ರಂತೆ. ಪ್ರಾಣ ಓಗಿತ್ತು, ಆದ್ರೂ ಇಬ್ರ ಮಕಾನೂ ಕೆಂಪಗಿತ್ತು. ಡಾಕ್ಟ್ರು ನೋಡಿದ ತಕ್ಷಣ ಏಳಿದ್ರು, ಇದು ಇದ್ದಿಲ ಗಾಳಿ ಅಂತ. ನಮ್ಮ ರಕ್ತ ಗಾಳಿ ಹೊರೋ ರಕ್ತ ಕಣಕ್ಕ. ಹನೂರು ಬಸ್ಸಿಗೆ ಯಾರೋ ಮೊದ್ಲೇ ನುಗ್ಗಿ ಸೀಟೆಲ್ಲ ಇಡ್ಕಂಡು ಕುಂತು, ಇಳಿಯಾಕಿಲ್ಲ ಅಂದ್ರೆ ಮಿಕ್ಕೋರು ಏನು ಮಾಡ್ತಾರೆ? ರೋಡಲ್ಲಿ ನಿಂತ್ಕತಾರೆ. ಇದೂ ಅಂಗೇ. ಈ ವಿಷಗಾಳಿ ಒಳಗೋಗಿ ರಕ್ತದಲ್ಲಿ ಜಾಗ ಇಡ್ಕತದೆ. ಒಳ್ಳೆ ಗಾಳಿಗೆ ಜಾಗ ಇರಾಕಿಲ್ಲ. ಅದು ಇಡುದ್ರೆ ರಕ್ತ ಇನ್ನೂ ಕೆಂಪಾಯ್ತದೆ. ಅದಕ್ಕೇ ಮಕ ಕಳಕಳ ಅನ್ನೋದು."

"ಮತ್ತೆ ಉಳ?" ಚನ್ನಾಜಮ್ಮನ ದನಿ ಈಗ ಸಣ್ಣದಾಗಿತ್ತು.

"ಉಳಾನ ಚಿವುಟಿ ನೋಡಿದ್ದೀಯಲ್ಲ, ಕೆಂಪು ರಕ್ತ ಬತ್ತದ? ಅದು ಮೂಗಲ್ಲಿ ಉಸಿರಾಡಾಕಿಲ್ಲ, ಮೈ ಪಕ್ಕದ ತೂತಿನಿಂದ ಗಾಳಿ ತಕತದೆ. ಅದರ ಮೈಯೇ ಬ್ಯಾರೆ. ಬೀಡಿ ಒಗೆ ಅದಕ್ಕೆ ವಿಷ, ಇದ್ದಿಲ ಗಾಳಿ ನಮಗೆ ವಿಷ. ಉಳ ಬದುಕ್ತು ಅಂತ ಆಳು ಬದುಕ್ತಾನೆ ಅಂತ ತಿಳ್ಕಂಡ್ರಲ್ಲ, ಅದೇ ನಿಮ್ಮ ತಪ್ಪು."

"ಸುಳ್ಳು!" ಚನ್ನಾಜಮ್ಮ ಎದ್ದು ನಿಂತಳು. "ಸುಳ್ಳು ಏಳ್ತೀಯ. ನೀನು ಏಳೋದು ನಿಜ ಆದ್ರೆ ಅವಳನ್ನ ಕೊಂದೋರು ಯಾರೇ? ಕೆಂಡ ಇಟ್ಟೋರು ನಾವು. ಬಾಗ್ಲು ಹಾಕಿದೋರು ನಾವು. ಶಿವ ಕರ್ಕಂಡ ಅಂತ ಏನೋ ಸಮಾಧಾನ ಮಾಡ್ಕಂಡಿದ್ವಿ. ಅದನ್ನೂ ಕಿತ್ಕಳಾಕೆ ಬಂದ್ಯ?"

ಇಷ್ಟು ದಿನ ಅವಳು ಬೆಳಗಿನ ತಲೆನೋವನ್ನು ಮುಚ್ಚಿಟ್ಟದ್ದೂ ಇದಕ್ಕೇ ಇರಬೇಕು. ಎಲ್ಲೋ ಒಳಗೆ ಅನುಮಾನ ಇತ್ತು. ಅನುಮಾನವನ್ನು ಹೊರಗೆ ತೆಗೆದರೆ ಅದು ಎಲ್ಲಿಗೆ ಬಂದು ನಿಲ್ಲುತ್ತದೆ ಎಂಬುದೂ ಗೊತ್ತಿತ್ತು.

ಕೆಂಪಾಜಮ್ಮನ ಸ್ವಭಾವದಲ್ಲಿ ಬೆಣ್ಣೆ ಹಚ್ಚುವ ಮಾತಿರಲಿಲ್ಲ. "ಊಂ, ನಿಮ್ಮ ಕೈಯಿಂದ್ಲೇ ಆಯ್ತು," ಎಂದಳು. "ಗೊತ್ತಿಲ್ದೆ ಆಯ್ತು. ಮಲ್ಲಮ್ಮಂಗೂ ಗೊತ್ತಿರ್ಲಿಲ್ಲ. ಈಗ ನಿನಗೆ ಗೊತ್ತಾಯ್ತು. ಇನ್ನು ಈ ಕೂಸಿನ ಮಂಚದ ಕೆಳಗೆ ಅದನ್ನ ಇಟ್ಟರೆ ಗೊತ್ತಿದ್ದೂ ಇಟ್ಟಂಗೆ. ಇಡ್ತೀಯ?"

ಚನ್ನಾಜಮ್ಮ ಮಗುವನ್ನು ನೋಡಿದಳು. ಬಿಸಿಲು ತಾಕಿ ಮಗು ಮುಖ ಕಿವುಚಿತು. ಕೈಕಾಲು ಬಡಿಯಿತು. ಆಮೇಲೆ ಬಾಯಿ ತೆರೆದು ಜೋರಾಗಿ ಅತ್ತಿತು. ಎಷ್ಟೋ ದಿನದ ಮೇಲೆ ಹಾಗೆ ಅತ್ತಿತು. ಶಿವರತ್ನಮ್ಮ ಎದೆಗೆ ಹಾಕಿಕೊಂಡಳು. ಮಗು ಬಿಡದೆ ಕುಡಿಯತೊಡಗಿತು.

ಚನ್ನಾಜಮ್ಮ ಒಳಗೆ ಹೋದಳು. ಬೆಳಕಿಂಡಿಗೆ ತುರುಕಿದ್ದ ಸೀರೆ ಕಿತ್ತಳು. ಇಕ್ಕಳದಲ್ಲಿ ಅಗ್ಗಿಷ್ಟಿಕೆಯ ಕಾಲು ಹಿಡಿದು ಹಿತ್ತಲಿಗೆ ಎಳೆದುಕೊಂಡು ಹೋಗಿ ಅಲ್ಲೇ ಅದರ ಮುಂದೆ ಕುಕ್ಕರಿಸಿ, ಎರಡು ಕೈಯಲ್ಲೂ ತಲೆ ಹಿಡಿದುಕೊಂಡು ಅತ್ತಳು.

ಚಿಕ್ಕಮಾದಪ್ಪ ಜಗಲಿಯ ಕಂಬಕ್ಕೆ ಒರಗಿ ಇದನ್ನೆಲ್ಲ ಮೊದಲಿನಿಂದ ಕೇಳುತ್ತಿದ್ದ. ಅವನನ್ನು ಯಾರೂ ಗಮನಿಸಿರಲಿಲ್ಲ.

"ಕೆಂಪಾಜಮ್ಮ," ಎಂದ, "ಸಂದಿಗೆ ಗೋಣಿಚೀಲ ತುರುಕದೆ ಇದ್ದಿದ್ರೆ?"

ಕೆಂಪಾಜಮ್ಮ ಅವನ ಮುಖ ನೋಡಿದಳು. ಯಾರು ತುರುಕಿದ್ದು ಎಂದು ಕೇಳುವ ಅಗತ್ಯ ಬೀಳಲಿಲ್ಲ. "ಅದ ಏಳಾಕಾಗಾಕಿಲ್ಲ ಬಾವ," ಎಂದಳು. "ಒಸಿ ಗಾಳಿ ಆಡಿದ್ರೆ ತಲೆನೋವು ಬಂದು ಎಚ್ಚರ ಆಗ್ತಿತ್ತೋ ಏನೋ. ಗ್ಯಾರಂಟಿ ಏಳಾಕಾಗಾಕಿಲ್ಲ."

ಅವನು ಜಗಲಿಯಿಂದ ಇಳಿದ. ಹಾರೆ ತೆಗೆದುಕೊಂಡು ಹುಳು ಮನೆಗೆ ಹೋದ. ಮಧ್ಯಾಹ್ನದ ಊಟಕ್ಕೆ ಕರೆದರೂ ಬರಲಿಲ್ಲ. ಹುಳು ಮನೆಯ ಗೋಡೆಯ ಮೇಲ್ಭಾಗದಲ್ಲಿ ಒಂದು ಕಿಂಡಿ, ಎದುರು ಗೋಡೆಯ ಬುಡದಲ್ಲಿ ಇನ್ನೊಂದು ಕಿಂಡಿ ಒಡೆದ. ಮಣ್ಣು ಬೀಳುವ ಸದ್ದು ಸಂಜೆಯವರೆಗೂ ಕೇಳುತ್ತಿತ್ತು. ಆ ಗೋಡೆಯನ್ನು ಹಿಂದೆ ಕಟ್ಟಿದವನೂ ಅವನೇ. ಚೆನ್ನಾಗಿ ಕಟ್ಟಿದ್ದ. ಸುಲಭವಾಗಿ ಒಡೆಯಲಿಲ್ಲ.

ಶಿವರತ್ನಮ್ಮನ ತಲೆನೋವು ಹೋಯಿತು. ಕೆಂಪಾಜಮ್ಮ ತಾಯಿ ಮಗು ಇಬ್ಬರನ್ನೂ ಆಸ್ಪತ್ರೆಗೆ ಕರೆದುಕೊಂಡು ಹೋಗಿ ತೋರಿಸಿದಳು. ಮಗು ಉಳಿಯಿತು. ಈಗ ಬಾಣಂತಿಯ ಕಾಲಿನ ಹತ್ತಿರ ಇಟ್ಟಿಗೆಯನ್ನು ಕಾಯಿಸಿ, ದಪ್ಪ ಬಟ್ಟೆಯಲ್ಲಿ ಸುತ್ತಿ ಇಡುತ್ತಾರೆ. ಬೆಳಕಿಂಡಿ ತೆರೆದಿರುತ್ತದೆ. ಸನ್ನಿ ಏನೂ ಬರಲಿಲ್ಲ.

ಚಿಕ್ಕಮಾದಪ್ಪ ಯಾರ ಮನೆಯ ಮುಂದೆ ಹೋಗುವಾಗಲೂ ಅವರ ಹುಳು ಮನೆಯ ಬಾಗಿಲಲ್ಲಿ ಗೋಣಿಚೀಲ ಕಂಡರೆ ನಿಲ್ಲುತ್ತಾನೆ. ಕೇಳದೆ ಕಿತ್ತೆಸೆಯುತ್ತಾನೆ. ಕೆಲವರು ಬಯ್ಯುತ್ತಾರೆ. ತಂಗಿ ಸತ್ತ ಮೇಲೆ ತಲೆ ಕೆಟ್ಟಿದೆ ಎನ್ನುತ್ತಾರೆ. ಅವನು ವಾದ ಮಾಡುವುದಿಲ್ಲ.

ಓದುತ್ತಿರುವವರೇ, ಓದಿಸಿಕೊಂಡು ಕೇಳುತ್ತಿರುವ ತಾಯಂದಿರೇ, ಅಣ್ಣತಮ್ಮಂದಿರೇ, ಚಿಕ್ಕಮಾದಪ್ಪ ವಾದ ಮಾಡದಿದ್ದರೆ ಹೋಗಲಿ, ನೇರವಾಗಿ ಹೇಳುತ್ತೇವೆ, ಕೇಳಿ. ಇದ್ದಿಲ ಕೆಂಡದಲ್ಲಿ ಅವರೆಕಾಯಿ ಸುಡಿ, ಗೆಣಸು ಸುಡಿ, ಯಾರೂ ಬೇಡ ಎನ್ನುವುದಿಲ್ಲ. ಆದರೆ ಹೊರಗೆ ಸುಡಿ, ಸುಟ್ಟ ಮೇಲೆ ಬೆಂಕಿಯನ್ನು ಹೊರಗೇ ಬಿಡಿ. ಮಲಗುವ ಕೋಣೆಗೆ, ಬಾಣಂತಿ ಕೋಣೆಗೆ ಅದನ್ನು ತರಲೇಬೇಡಿ. ಹೊಗೆ ಆರಿದೆ, ಬಿಳಿ ಬೂದಿ ಕಟ್ಟಿದೆ ಎಂದು ನಂಬಬೇಡಿ. ಹುಳು ಮನೆಗೆ ಬಿಸಿ ಬೇಕೇ ಬೇಕಾದರೆ ಮೇಲೊಂದು ಕೆಳಗೊಂದು ಕಿಂಡಿ ತೆರೆದಿಡಿ, ಆಗಾಗ ಹೋಗಿ ನೋಡಿ ಬನ್ನಿ, ಆದರೆ ಕೆಂಡ ಇರುವ ತನಕ ಒಳಗೆ ಯಾರೂ ಮಲಗಬೇಡಿ. ಕೆಂಡ ಇಟ್ಟ ಮನೆಯಲ್ಲಿ ತಲೆನೋವು, ಓಕರಿಕೆ, ಮಂಪರು ಬಂದರೆ ಬೇರೆ ಕಾರಣ ಹುಡುಕುತ್ತಾ ಕೂರಬೇಡಿ. ಎಲ್ಲರನ್ನೂ ಗಾಳಿಗೆ ತನ್ನಿ, ಬಾಗಿಲು ತೆರೆಯಿರಿ, ಆಸ್ಪತ್ರೆಗೆ ಹೊರಡಿ. ಮುಖ ಕೆಂಪಗಿದೆ, ಚೆನ್ನಾಗಿದ್ದಾರೆ ಎಂದು ಸುಮ್ಮನಾಗಬೇಡಿ.

ಹೊಗೆ ಕೆಮ್ಮಿಸುತ್ತದೆ, ಕಣ್ಣು ಉರಿಸುತ್ತದೆ, ಹೊರಗೆ ಓಡಿಸುತ್ತದೆ. ಈ ಗಾಳಿ ಓಡಿಸುವುದಿಲ್ಲ, ಮಲಗಿಸುತ್ತದೆ. ಇವತ್ತು ಸಂಜೆ ನಿಮ್ಮ ಮನೆಯಲ್ಲಿ ಕೆಂಡದ ಪಕ್ಕ ಯಾರು ಚಾಪೆ ಹಾಸಿಕೊಳ್ಳುತ್ತಾರೆ ನೋಡಿ. ಅವರಿಗೆ ಕೋಪ ಬಂದರೂ ಚಿಂತೆಯಿಲ್ಲ, ಇವತ್ತೇ ಎಬ್ಬಿಸಿ ಹೊರಗೆ ಕರೆತನ್ನಿ. ನಾಳೆ ಬೆಳಗ್ಗೆ ಎಷ್ಟು ಕೂಗಿದರೂ ಅವರು ಏಳದೆ ಹೋದಾರು.